ತಲೆ ಮೇಲೆ 75 ಕೆ.ಜಿ.

ಏಳು ಸುತ್ತಿನ ಕೋಟೆಯ ಊರಿಗೆ ಏಳು ಸೀಟಿನ ಗಾಡಿಯೇ ಸರಿ ಎಂದು ವಾದ ಮಾಡಿ ಎಸ್‌ಯುವಿ ತಂದವನು ನಾನು. ಸಣ್ಣ ಕಾರು ಸಾಕು ಎಂದವಳು ಹೆಂಡತಿ. ಗಾಡಿ ಬಂತು. ಅದರಲ್ಲಿ ಏಳು ಜನ ಕೂತರೆ ಡಿಕ್ಕಿಯಲ್ಲಿ ಉಳಿಯುವುದು ಒಂದು ತಾಂಬೂಲದ ಚೀಲದ ಜಾಗ, ಅದೂ ಚೀಲವನ್ನು ನಿಲ್ಲಿಸಿಟ್ಟರೆ. ಷೋರೂಮಿನಲ್ಲಿ ಇದು ಹೊಳೆಯುವುದಿಲ್ಲ. ಅಲ್ಲಿ ಹಿಂದಿನ ಸೀಟು ಮಡಚಿ, ‘ನೋಡಿ ಸಾರ್, ಎಷ್ಟು ಜಾಗ’ ಎನ್ನುತ್ತಾರೆ. ಆ ಸೀಟಿನವರು ಎಲ್ಲಿ ಹೋಗಬೇಕು ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಹೊಸದುರ್ಗದ ಹತ್ತಿರ ಅತ್ತೆಯ ಮನೆ ಅಂಗಳದಲ್ಲಿ, ನೂರು ಸುಲಿದ ತೆಂಗಿನಕಾಯಿಯ ರಾಶಿಯ ಮುಂದೆ ನಿಂತಾಗ.

“ಮೇಲೊಂದು ಕ್ಯಾರಿಯರ್ ಹಾಕಿಸಿದ್ರೆ ಆಯ್ತು” ಎಂದೆ. ಯಾರೂ ಮಾತಾಡಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಮನೆಯ ಮೌನವನ್ನು ನಾನು ಸಮ್ಮತಿ ಎಂದೇ ಓದಿಕೊಳ್ಳುತ್ತೇನೆ.

ನನ್ನ ತಲೆಯಲ್ಲಿದ್ದದ್ದು ಹಿರಿಯೂರಿನ ಬಾಲ್ಯದ ಬಸ್ಸುಗಳು. ಹಿಂದಿನ ಏಣಿ ಹತ್ತಿ ಟಾಪಿಗೆ ಈರುಳ್ಳಿ ಚೀಲ, ಸೈಕಲ್ಲು, ಹೊಸ ಮದುಮಕ್ಕಳ ಬೀರು, ಒಮ್ಮೊಮ್ಮೆ ಕಾಲು ಕಟ್ಟಿದ ಮೇಕೆ ಎಲ್ಲ ಏರುತ್ತಿದ್ದವು. ಅಂಬಾಸಿಡರ್ ಕಾರಿನ ಕ್ಯಾರಿಯರ್ ಇನ್ನೂ ಸರಳ. ಆ ಕಾಲದ ಕಾರುಗಳ ಟಾಪಿನ ಅಂಚಿಗೆ ಮಳೆನೀರು ಹರಿಯಲು ಒಂದು ಕಾಲುವೆ ಇರುತ್ತಿತ್ತು. ಕ್ಯಾರಿಯರ್‌ನ ಕಾಲುಗಳನ್ನು ಅದಕ್ಕೆ ಸಿಕ್ಕಿಸಿ ನಟ್ ಬಿಗಿದರೆ ಮುಗಿಯಿತು; ಎಷ್ಟು ಭಾರ ಎಂದು ಕೇಳಿದವರಿಲ್ಲ. ಈಗಿನ ಗಾಡಿಗಳಲ್ಲಿ ಆ ಕಾಲುವೆಯೇ ಇಲ್ಲ. ಬದಲಿಗೆ ಎರಡು ಕಡೆ ಉದ್ದುದ್ದ ರೇಲು. ಕೆಲವು ಗಾಡಿಗಳಲ್ಲಿ ಅವೂ ಬರೀ ಷೋಕಿಗೆ, ಒದ್ದೆ ಟವೆಲು ಒಣಗಹಾಕಲೂ ಲಾಯಕ್ಕಿಲ್ಲ.

ನಮ್ಮ ರೇಲು ನಿಜದ್ದೇ ಎಂದು ತಿಳಿಯಲು ಗಾಡಿಯ ಜೊತೆ ಬಂದ ಪುಸ್ತಕ ತೆಗೆಯಬೇಕಾಯಿತು. ವರ್ಷವಾದರೂ ಅದರ ಪ್ಲಾಸ್ಟಿಕ್ ಕವರ್ ಹರಿದಿರಲಿಲ್ಲ. ಸಣ್ಣ ಅಕ್ಷರದಲ್ಲಿತ್ತು: ಟಾಪಿನ ಮೇಲೆ ಗರಿಷ್ಠ 75 ಕೆ.ಜಿ., ಕ್ಯಾರಿಯರ್‌ನ ತೂಕವೂ ಸೇರಿ.

“ನಿಮ್ಮ ತೂಕ ಎಷ್ಟು?” ಎಂದಳು ಹೆಂಡತಿ.

“78.”

“ಹಂಗಾದ್ರೆ ನಿಮ್ಮನ್ನ ಮೇಲೆ ಕೂರ್ಸಕ್ಕಾಗಲ್ಲ” ಎಂದು ಸೊಪ್ಪು ಸೋಸುತ್ತ ನಿಟ್ಟುಸಿರು ಬಿಟ್ಟಳು. ಆ ಯೋಚನೆ ಅವಳಿಗೆ ಎಷ್ಟು ದಿನದಿಂದ ಇತ್ತೋ.

ಇಷ್ಟು ದೊಡ್ಡ ಗಾಡಿಗೆ ಮೂರು ಮೂಟೆ ಅಕ್ಕಿಯಷ್ಟೇನಾ ಎಂದು ನನಗೆ ಅವಮಾನವಾಯಿತು. ಪಿಯುಸಿ ಓದುವ ಮಗ ಸಮಾಧಾನ ಹೇಳಿದ. ನಿಂತ ಗಾಡಿಯ ಟಾಪು ಇದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತದಂತೆ. ಅದಕ್ಕೇ ಕೆಲವರು ಅದರ ಮೇಲೆ ಟೆಂಟು ಹಾಕಿ ಮಲಗುತ್ತಾರೆ. ಓಡುವಾಗ ಮಾತ್ರ ಮೇಲಿನ ಭಾರ ತಿರುವಿನಲ್ಲಿ ಪಕ್ಕಕ್ಕೆ ಎಳೆಯುತ್ತದೆ, ಬ್ರೇಕ್ ಒತ್ತಿದರೆ ಮುಂದಕ್ಕೆ ನುಗ್ಗುತ್ತದೆ; ಎತ್ತರದ ಗಾಡಿ ವಾಲುತ್ತದೆ. “ಕೊಡ ಸೊಂಟದ ಮೇಲಿದ್ರೆ ಓಡಬಹುದು, ತಲೆ ಮೇಲಿದ್ರೆ ನೋಡ್ಕೊಂಡು ನಡೀಬೇಕು, ಅಷ್ಟೇನಾ?” ಎಂದಳು ಅವನಮ್ಮ. ಮಗ ಒಪ್ಪಿದ. ಅವರಿಬ್ಬರ ಪಾಠ ಮುಗಿಯುವವರೆಗೆ ನಾನು ಪುಸ್ತಕವನ್ನು ಹಿಂದುಮುಂದಾಗಿ ತಿರುವುತ್ತಿದ್ದೆ.

ಮೊದಲು ಹೋದದ್ದು ವೆಲ್ಡಿಂಗ್ ಅಂಗಡಿಗೆ. “ಸಾರ್, ಅಲ್ಯೂಮಿನಿಯಂ ಎಲ್ಲ ಬೆಂಗ್ಳೂರ್ನೋರಿಗೆ. ಕಬ್ಬಿಣ ಕಬ್ಬಿಣಾನೇ. ಟಾಪಿಗೆ ನಾಕು ತೂತು ಹೊಡೆದು ಬೋಲ್ಟ್ ಹಾಕ್ಬಿಟ್ರೆ ಆನೆ ಬಂದ್ರೂ ಅಲ್ಲಾಡಲ್ಲ” ಎಂದ. ತೂತು ಎಂದೊಡನೆ ನನಗೆ ಕಣ್ಣು ಕತ್ತಲಿಟ್ಟಿತು. ಕಂತು ಇನ್ನೂ ನಾಲ್ಕು ವರ್ಷ ಬಾಕಿ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸಬಾರದು ಎನ್ನುತ್ತದೆ ಎಂದು ಗಂಟಲು ಸರಿಮಾಡಿಕೊಂಡು ಹೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ ಟೀ ತರಿಸಿದ. ಅವನ ಕ್ಯಾರಿಯರ್ ತೂಗಿಸಿದರೆ 38 ಕೆ.ಜಿ. ಅಂದರೆ ಉಳಿಯುವುದು 37. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ತಕ್ಕಡಿಯಲ್ಲಿ ಕಂಡದ್ದು ಅವತ್ತೇ.

ಆಮೇಲೆ ರಾತ್ರಿಯೆಲ್ಲ ಮೊಬೈಲು. ಸ್ವೀಡನ್ನಿನ ಥೂಲೆ ಎಂಬ ಕಂಪನಿ ಈ ವಿದ್ಯೆಯಲ್ಲಿ ಹೆಸರುವಾಸಿ. 1942ರಲ್ಲಿ ಶುರುವಾದಾಗ ಅದು ಮಾಡುತ್ತಿದ್ದದ್ದು ಕ್ಯಾರಿಯರ್ ಅಲ್ಲ, ಮೀನು ಹಿಡಿಯುವ ಬೋನು. ಚಿತ್ರಗಳಲ್ಲಿ ಹಿಮದ ಬೆಟ್ಟ, ದೋಣಿ, ಎರಡು ಸೈಕಲ್ಲು, ಗಾಡಿಗೆ ಒರಗಿ ನಗುವ ಗಂಡಸು. ಆ ಗಂಡಸಿನ ಜಾಗದಲ್ಲಿ ನನ್ನನ್ನು ಇಟ್ಟುಕೊಂಡು ರಾತ್ರಿ ಒಂದು ಗಂಟೆವರೆಗೆ ನೋಡಿದೆ. ಬೋನು ಮಾಡುವ ಕೈಚಳಕ ಅವರಿಗೆ ಇನ್ನೂ ಬಿಟ್ಟಿಲ್ಲ. ಬೆಲೆ ನೋಡಿ ಮಲಗಿದೆ.

ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು: ರೇಲಿನಿಂದ ರೇಲಿಗೆ ಅಡ್ಡ ಬಿಗಿಯುವ ಎರಡು ಅಲ್ಯೂಮಿನಿಯಂ ಸರಳು, ಮೇಲೊಂದು ತೆಳು ಬುಟ್ಟಿ. ಒಟ್ಟು 20 ಕೆ.ಜಿ. ಉಳಿದದ್ದು 55. ನೂರು ಕಾಯಿಯನ್ನು ತಲಾ ಅರ್ಧ ಕೆ.ಜಿ. ಹಿಡಿದರೆ 50, ಮೇಲೆ 5 ಕೆ.ಜಿ. ಅತ್ತೆಯ ಪ್ರೀತಿಗೆ ಎಂದು ಲೆಕ್ಕ ಹಾಕಿ ದುಡ್ಡು ಕೊಟ್ಟೆ. ಆದರೆ ಬುಟ್ಟಿ ಗಾಡಿಯೊಳಗೆ ಹಿಡಿಯಲಿಲ್ಲ. ಟಾಪಿಗೆ ಹಾಕೋಣವೆಂದರೆ ಬಿಗಿಯುವ ಹುಡುಗ ಊಟಕ್ಕೆ ಹೋದವನು ಬರಲೇ ಇಲ್ಲ. ಕ್ಯಾರಿಯರ್ ತರಲು ಕ್ಯಾರಿಯರ್ ಬೇಕು ಎಂಬ ತತ್ವ ಜೆ.ಸಿ. ರಸ್ತೆಯ ಟ್ರಾಫಿಕ್ಕಿನಲ್ಲಿ ಬೋಧೆಯಾಯಿತು. ಎರಡು ದಿನದ ನಂತರ ಅದು ಚಿತ್ರದುರ್ಗಕ್ಕೆ ಪಾರ್ಸಲ್ಲಿನಲ್ಲಿ ಬಂದಿತು, ಮನೆಯವರೆಗೆ ಲಗೇಜ್ ಆಟೊದಲ್ಲಿ. ಬಾಡಿಗೆ ಕೊಡುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

ಮೊದಲ ಸವಾರಿ ಹಿರಿಯೂರಿಗೆ, ಅಕ್ಕನ ಮನೆಗೆ. ಹೆದ್ದಾರಿಯಲ್ಲಿ ವೇಗ ಎಪ್ಪತ್ತು ದಾಟಿತು. ಎಲ್ಲಿಂದಲೋ ಸಣ್ಣ ಶಿಳ್ಳೆ. ಎಂಬತ್ತಕ್ಕೆ ದೊಡ್ಡ ಶಿಳ್ಳೆ. “ಹಿಂದೆ ಆಂಬುಲೆನ್ಸ್ ಇರ್ಬೇಕು, ದಾರಿ ಬಿಡ್ರೀ” ಎಂದಳು ಹೆಂಡತಿ. ಎಡಕ್ಕೆ ಸರಿದೆ, ನಿಧಾನ ಮಾಡಿದೆ, ಶಿಳ್ಳೆ ನಿಂತಿತು. ಯಾವ ಆಂಬುಲೆನ್ಸೂ ದಾಟಿ ಹೋಗಲಿಲ್ಲ. ಮೂರು ಸಲ ಹೀಗೆ ಯಾರಿಗೂ ಅಲ್ಲದೆ ದಾರಿ ಬಿಟ್ಟ ಮೇಲೆ ಮಗ ಕಿಟಕಿಯಿಂದ ತಲೆ ಹೊರಹಾಕಿ, “ಅಪ್ಪಾ, ಕ್ಯಾರಿಯರ್ರು” ಎಂದ.

ನಮ್ಮ ಜಿಲ್ಲೆಯ ಗಾಳಿಗೆ ಹೆಸರಿದೆ. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತು ತಿರುಗುವ ಫ್ಯಾನುಗಳನ್ನು ಹೆದ್ದಾರಿಯವರೆಲ್ಲ ನೋಡಿರುತ್ತಾರೆ. ಓಡುವ ಗಾಡಿಯ ವೇಗ ಎರಡರಷ್ಟಾದರೆ ಗಾಳಿ ಅದನ್ನು ಹಿಂದಕ್ಕೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಖಾಲಿ ಬುಟ್ಟಿಯೂ ಆ ತಳ್ಳನ್ನು ಹೆಚ್ಚಿಸುತ್ತದೆ. ಊರವರು ಗಾಳಿಯಿಂದ ಕರೆಂಟು ತೆಗೆಯುತ್ತಾರೆ. ನಾನೊಬ್ಬ ಡೀಸೆಲ್ ಸುಟ್ಟು ಗಾಳಿಗೆ ವಾಪಸು ಕೊಡುತ್ತಿದ್ದೇನೆ.

ಬರುವಾಗ ಏನಾದರೂ ಹೇರಿಕೊಂಡು ಬರೋಣವೆಂದರೆ ಅಕ್ಕ ಕೊಟ್ಟದ್ದು ಒಂದು ಡಬ್ಬಿ ಉಪ್ಪಿನಕಾಯಿ. ಅದನ್ನು ಹೆಂಡತಿ ತೊಡೆಯ ಮೇಲಿಟ್ಟುಕೊಂಡಳು. “ಮಾರಿಕಣಿವೆ ಡ್ಯಾಮು 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದಿದ್ದು 2022ಕ್ಕೆ. 89 ವರ್ಷ ಕಾದ್ವಲ್ಲ, ನಿಮ್ಮ ಕ್ಯಾರಿಯರ್ ತುಂಬೋಕೂ ಕಾಯ್ತೀವಿ ಬಿಡಿ.”

ಕಾಯಿಸಬಾರದೆಂದು ಮುಂದಿನ ಭಾನುವಾರವೇ ಹೊಸದುರ್ಗಕ್ಕೆ ಹೊರಟೆ. ಹೊಳಲ್ಕೆರೆಯಲ್ಲಿ ಇಳಿದು ಬಯಲು ಗಣಪನಿಗೆ ಕೈ ಮುಗಿದೆವು. 1475ರಲ್ಲಿ ಗುಲ್ಯಪ್ಪ ನಾಯಕ ನಿಲ್ಲಿಸಿದ ಮೂರ್ತಿ. ತಲೆಯ ಮೇಲೆ ಏನನ್ನೂ ಇಟ್ಟುಕೊಳ್ಳದೆ ಬಯಲಲ್ಲಿ ಕೂತು ಹೆಸರು ಮಾಡಿದ ದೇವರು. ನನ್ನ ಗಾಡಿಯ ಕಡೆ ಅವನು ನೋಡಿದನೋ ಇಲ್ಲವೋ, ನಾನಂತೂ ಅವನ ಕಣ್ಣು ತಪ್ಪಿಸಿದೆ.

ಅತ್ತೆ ಗಾಡಿಯನ್ನು ಒಂದು ಸುತ್ತು ಬಂದು ಬುಟ್ಟಿಯನ್ನು ಮೆಲ್ಲಗೆ ಅಲ್ಲಾಡಿಸಿದರು. “ಅಳಿಯಂದ್ರೇ, ಇಷ್ಟು ಚೆಂದದ ಗಾಡಿ ಮೇಲೆ ಕಾಯಿ ಹೇರಿ ಯಾಕೆ ಹಾಳು ಮಾಡ್ತೀರಾ? ನಮ್ಮೂರ ಆಟೊದೋನು ದುರ್ಗಕ್ಕೆ ಹೊರಟಿದ್ದ. ಬೆಳಿಗ್ಗೇನೇ ಹಾಕಿ ಕಳಿಸ್ದೆ.”

ಮೂಟೆ ಬಿಗಿಯಲೆಂದು ನಾನು ಹೇಳಿಟ್ಟಿದ್ದ ತೆಂಗಿನ ನಾರಿನ ಹಗ್ಗ ಮಾತ್ರ ಅಲ್ಲಿತ್ತು. ಹೊಸೆದು ಇಟ್ಟದ್ದನ್ನು ಬಿಟ್ಟು ಹೋದರೆ ಅವರಿಗೆ ಬೇಜಾರು. ಬುಟ್ಟಿಯಲ್ಲಿ ಹಾಕಿದರೆ ಹಾರಿಹೋಗುತ್ತದೆ ಎಂದು ಅತ್ತೆ ಸ್ಟೂಲು ತರಿಸಿ ಹತ್ತಿದರು. ಮುಂದಿನ ಸರಳಿಗೆ ಹಗ್ಗವನ್ನು ಬಳ್ಳಿ ಹಬ್ಬಿಸಿದಂತೆ ಓರೆಯಾಗಿ, ಸುತ್ತಿನಿಂದ ಸುತ್ತಿಗೆ ಒಂದು ಗೇಣು ಬಿಟ್ಟು ಆ ಕೊನೆಯಿಂದ ಈ ಕೊನೆಗೆ ಸುತ್ತಿ, ತುದಿಯನ್ನು ಹಸು ಕಟ್ಟುವ ಗಂಟು ಹಾಕಿ ಬಿಗಿದು ಇಳಿದರು.

ವಾಪಸು ಬರುವಾಗ ಖಾಲಿ ರಸ್ತೆ ಸಿಕ್ಕಿ ವೇಗ ಎಂಬತ್ತು ಮುಟ್ಟಿತು. ಶಿಳ್ಳೆ ಇಲ್ಲ. ಒತ್ತಿದೆ. ಇಲ್ಲವೇ ಇಲ್ಲ. ನಯವಾದ ಸರಳಿನ ಹಿಂದೆ ಗಾಳಿ ಒಂದೇ ಲಯದಲ್ಲಿ ಸುಳಿ ಬಿಡುತ್ತಾ ಹೋದರೆ ಅದು ಸ್ವರವಾಗುತ್ತದೆ, ಹಗ್ಗ ಸುತ್ತಿದರೆ ಸುಳಿಗಳು ಚೆದುರುತ್ತವೆ, ಎತ್ತರದ ಕಬ್ಬಿಣದ ಚಿಮಣಿಗಳಿಗೆ ಪಟ್ಟಿ ಸುತ್ತುವುದೂ ಅದಕ್ಕೇ ಎಂದು ಮಗ ಹಿಂದಿನ ಸೀಟಿನಿಂದ ವಿವರಿಸಿದ. “ಅಮ್ಮಂಗೆ ಅದೆಲ್ಲ ಗೊತ್ತಿರುತ್ತೆ” ಎಂದಳು ಹೆಂಡತಿ.

ಮನೆ ಮುಟ್ಟಿದಾಗ ಪೋರ್ಟಿಕೋದಲ್ಲಿ ನೂರು ಕಾಯಿ ನಮ್ಮ ದಾರಿ ಕಾಯುತ್ತಿದ್ದವು. ಗಾಡಿ ಹೊರಗೇ ನಿಂತಿತು. ಕ್ಯಾರಿಯರ್ ಇವತ್ತಿಗೂ ಮೇಲಿದೆ, ಬಿಚ್ಚಿದರೆ ಇಡಲು ಮನೆಯಲ್ಲಿ ಜಾಗವಿಲ್ಲ. ಅದರ ಮೇಲಿನ ಲಗೇಜು ಅದೇ ನಾರಿನ ಹಗ್ಗ. ತೂಗಿ ನೋಡಿದೆ: ಮುಕ್ಕಾಲು ಕೆ.ಜಿ.