ನೀಲಿ ನೋಟಿನ ಮುಯ್ಯಿ

‘ವಿಯೆಟ್ನಾಂ ದಿಬ್ಬಣ’ ವಾಟ್ಸ್‌ಆಪ್ ಗುಂಪಿನ ಸಂಸ್ಥಾಪಕರೂ ಏಕೈಕ ಅಡ್ಮಿನ್ನರೂ ಆದ ಮಹಾಶಯರಿಗೆ,

ಹಾಸ್ಟೆಲಿನ ದಿನಗಳಿಂದ ‘ಲೋ’ ಎಂದೇ ಕರೆಯುತ್ತ ಬಂದವನು ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿದ್ದಾನೆಂದರೆ ಒಂದೋ ಸಾಲ ಕೇಳುತ್ತಾನೆ, ಇಲ್ಲವೇ ಜಗಳ ತೆಗೆಯುತ್ತಾನೆ ಎಂದು ತಾವು ಊಹಿಸಿರುತ್ತೀರಿ. ಸಾಲ ಬೇಡ. ಗುಂಪಿನಲ್ಲಿ ‘ಅಡ್ಮಿನ್ ಮಾತ್ರ ಬರೆಯಬಹುದು’ ಎಂದು ತಾವು ಬೀಗ ಜಡಿದಿರುವುದರಿಂದ ನಾಲ್ಕು ಜನರೆದುರು ಹೀಗೆ ಬರೆಯಬೇಕಾಗಿದೆ.

ಮೊದಲು ತಮ್ಮ ಪ್ರವಾಸದ ಎಕ್ಸೆಲ್ ಹಾಳೆಗೆ ಮಂಗಳಾರತಿ. ಹತ್ತು ದಿನಕ್ಕೆ 61 ಸಾಲು. ನಮ್ಮ ಜೀವದ ಗೆಳೆಯ ಹನೋಯಿಯ ಹುಡುಗಿಯ ಕೈಹಿಡಿಯುತ್ತಿದ್ದ. ನಾವು ಐವರು ರಜೆ ಬರೆದು, ತಲೆಗೆ 25 ಡಾಲರ್ ಕಟ್ಟಿ ಇ-ವೀಸಾ ಮಾಡಿಸಿಕೊಂಡು ಹೊರಟಿದ್ದು ಆ ಮದುವೆಗೆ. ಅದು ಇದ್ದದ್ದು 58ನೇ ಸಾಲಿನಲ್ಲಿ: ‘ಮದುವೆ (ಬೆಳಗ್ಗೆ). ನಂತರ ಬ್ಯಾಗು ಖರೀದಿ.’ ಬ್ಯಾಗಿಗೆ ಮೂರು ಗಂಟೆ, ಮದುವೆಗೆ ಒಂದೂವರೆ. ಈ ಒಂದೂವರೆ ಗಂಟೆಗೂ ತಮಗೂ ಏನೋ ಋಣಾನುಬಂಧವಿದೆ. ವಿಯೆಟ್ನಾಂ ಗಡಿಯಾರ ನಮ್ಮದಕ್ಕಿಂತ ಅಷ್ಟೇ ಮುಂದೆ. ‘ಸುಮ್ಮನೆ ಗೊಂದಲ ಬೇಡ’ ಎಂದು ತಾವು ಕೈಗಡಿಯಾರವನ್ನು ಭಾರತದ ಸಮಯದಲ್ಲೇ ಇಟ್ಟುಕೊಂಡಿದ್ದರಿಂದ ಸೈಗಾನಿನಲ್ಲಿ ಕೂ ಚಿ ಸುರಂಗಕ್ಕೆ ಹೊರಟ ಬಸ್ಸಿನ ಬೆನ್ನನ್ನು ನಾವು ನೋಡಿದೆವು. ಬಸ್ಸೇನೋ ಒಳ್ಳೆಯದೇ ಇತ್ತು.

ರೈಲಿನ ವಿಷಯಕ್ಕೆ ಬರುತ್ತೇನೆ. ಸೈಗಾನಿನಿಂದ ಹನೋಯಿಗೆ 1,726 ಕಿಲೋಮೀಟರ್. ಯುದ್ಧದಲ್ಲಿ ತುಂಡುತುಂಡಾಗಿದ್ದ ಹಳಿಗಳನ್ನು ಕೂಡಿಸಿ 1976ರ ಕೊನೆಯ ದಿನ ಮತ್ತೆ ಗಾಡಿ ಬಿಟ್ಟರಂತೆ. ದ ನಾಂಗ್ ದಾಟಿದ ಮೇಲೆ ಹಾಯ್ ವಾನ್ ಘಾಟಿ ಬರುತ್ತದೆ. ಹೆಸರಿನ ಅರ್ಥವೇ ಕಡಲು-ಮೋಡ. ರೈಲು ಗುಡ್ಡದ ಸೊಂಟ ಹಿಡಿದು ತೆವಳುತ್ತದೆ, ಬಲಗಡೆ ಕಿಟಕಿಯ ಕೆಳಗೇ ಸಮುದ್ರ. ಸರಿಯಾಗಿ ಅದೇ ಹೊತ್ತಿಗೆ ತಾವು ಹಿಂದಿನ ದಿನದ ಎಳನೀರಿನ ಲೆಕ್ಕ ತೆಗೆದಿರಿ. ‘ಎರಡು ಎಳನೀರು ಕುಡಿದವರು ಯಾರು?’ ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಘಾಟಿ ಮುಗಿದಿತ್ತು. ಎರಡು ಕುಡಿದವನು ನಾನೇ. ಈಗ ಒಪ್ಪಿಕೊಳ್ಳುತ್ತಿದ್ದೇನೆ.

ದ ನಾಂಗ್‌ನ ಅಪಚಾರವನ್ನಂತೂ ಮರೆಯಲಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಮಿ ಸೋನ್ ಇದೆ. 4ನೇ ಶತಮಾನದಲ್ಲಿ ಭದ್ರವರ್ಮನೆಂಬ ಚಂಪಾ ದೊರೆ ಅಲ್ಲಿ ಭದ್ರೇಶ್ವರ ಲಿಂಗ ಸ್ಥಾಪಿಸಿದ. ಅವನ ನಂತರದವರು ಶತಮಾನಗಟ್ಟಲೆ ಕೆಂಪು ಇಟ್ಟಿಗೆಯ ಗುಡಿಗಳನ್ನು ಕಟ್ಟುತ್ತಲೇ ಹೋದರು. ಅಮೆರಿಕದ ಬಾಂಬಿನಿಂದ ಉಳಿದ ಗುಡಿಗಳಲ್ಲಿ ಕೆಲವನ್ನು ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ದುರಸ್ತಿ ಮಾಡಿದ್ದಾರೆ. ಅಂಥ ಮಿ ಸೋನನ್ನು ಹಾಳೆಯಿಂದ ಕಿತ್ತುಹಾಕಿ ತಾವು ನಮ್ಮನ್ನು ಕರೆದೊಯ್ದದ್ದು ಬಾ ನಾ ಬೆಟ್ಟದ ಚಿನ್ನದ ಸೇತುವೆಗೆ. ಎರಡು ದೈತ್ಯ ಕೈಗಳು ಸೇತುವೆಯನ್ನು ಎತ್ತಿ ಹಿಡಿದಿವೆ. ಪಾಚಿಗಟ್ಟಿದ ಹಳೇ ಕಲ್ಲು! ‘ಎಷ್ಟು ಪುರಾತನ ನೋಡ್ರೋ’ ಎಂದು ತಾವು ಕಣ್ಣೊರೆಸಿಕೊಂಡಿರಿ. ಅದು ಫೈಬರ್‌ಗ್ಲಾಸು ಮತ್ತು ತಂತಿಬಲೆ ಸ್ವಾಮಿ, ಉದ್ಘಾಟನೆಯಾದದ್ದು 2018ರಲ್ಲಿ. ತಮ್ಮ ಸ್ಕೂಟರು ಅದಕ್ಕಿಂತ ಪುರಾತನ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಎನ್ನುತ್ತಾರೆ. ಚಾಂದ್ರಮಾನದ 1 ಮತ್ತು 15ನೇ ದಿನ ಎಷ್ಟೋ ಬೌದ್ಧರು ಮೀನಿನ ಸಾರವನ್ನೂ ಬಿಟ್ಟು ಅದನ್ನೇ ಉಣ್ಣುತ್ತಾರೆ, ನಮ್ಮವರ ಏಕಾದಶಿಯ ಹಾಗೆ. ಬೋರ್ಡು ನೋಡಿ ‘ಅಂತೂ ಟೀ ಅಂಗಡಿ ಸಿಕ್ಕಿತು’ ಎಂದು ನುಗ್ಗಿದ ತಾವು ಐದು ಚಾಯ್ ಹೇಳಿದಿರಿ. ಅನ್ನ, ತೋಫು, ಅಣಬೆ ತುಂಬಿದ ಐದು ತಟ್ಟೆ ಬಂತು. ಹತ್ತು ದಿನದಲ್ಲಿ ಹೊಟ್ಟೆ ತುಂಬಾ ಉಂಡದ್ದು ಅದೊಂದೇ ಸಲ. ಉಳಿದ ಹೊತ್ತೆಲ್ಲ ತಮ್ಮ ಸೂಟ್‌ಕೇಸಿನ ಅವಲಕ್ಕಿ, ಚಟ್ನಿಪುಡಿ.

ಈಗ 58ನೇ ಸಾಲು.

ಉತ್ತರ ವಿಯೆಟ್ನಾಮಿನಲ್ಲಿ ಗಂಡಿನ ಕಡೆಯವರು ಕೆಂಪು ಬಟ್ಟೆ ಮುಚ್ಚಿದ ಹರಿವಾಣಗಳನ್ನು ಹೊತ್ತು ಹೆಣ್ಣಿನ ಮನೆಗೆ ಮೆರವಣಿಗೆಯಲ್ಲಿ ಹೋಗಬೇಕು. ಸಂಖ್ಯೆ ಬೆಸವೇ ಆಗಬೇಕು, ನಮ್ಮ ನೂರಾ ಒಂದರ ಹಾಗೆ. ಹೊರುವವರು ಮದುವೆಯಾಗದ ಗಂಡುಗಳು, ಎದುರು ನಿಂತು ಇಸಕೊಳ್ಳುವವರು ಮದುವೆಯಾಗದ ಹೆಣ್ಣುಗಳು. ನಮ್ಮ ಪಾಲಿಗೆ ಐದು ಹರಿವಾಣ. ಐವರಲ್ಲಿ ಬ್ರಹ್ಮಚಾರಿ ನಮ್ಮ ಖಜಾಂಚಿ ಒಬ್ಬನೇ. ಆಗ ತಾವು ಕೊಟ್ಟ ಆಜ್ಞೆ ಚರಿತ್ರೆಯಲ್ಲಿ ಉಳಿಯಬೇಕಾದ್ದು: ‘ಫೋಟೋ ಚೆನ್ನಾಗಿ ಬರುತ್ತೆ. ಎಲ್ಲರೂ ಒಂದು ಗಂಟೆ ಬ್ಯಾಚುಲರ್.’ ಎರಡು ಮಕ್ಕಳ ತಂದೆ, ಕೂದಲಿಗೆ ಬಣ್ಣ ಬಳಿದುಕೊಂಡು, ನೀಲಿ ಆವ್ ಯಾಯ್ ನಿಲುವಂಗಿಯಲ್ಲಿ ಮುಂದೆ ನಿಂತಿರಿ. ಹರಿವಾಣ ತೆಗೆದುಕೊಂಡ ಹುಡುಗಿ ನಕ್ಕು ‘ಚೂ’ ಎಂದಳು. ಅದೇನೋ ಮುದ್ದಿನ ಹೆಸರು ಎಂದುಕೊಂಡು ಇಡೀ ದಿನ ನಮ್ಮೆದುರು ಬೀಗಿದಿರಿ. ಅಲ್ಲಿಯವರೂ ನಮ್ಮ ಹಾಗೆಯೇ, ವಯಸ್ಸು ನೋಡಿ ಅಣ್ಣ, ಅಕ್ಕ, ಮಾವ ಎಂದೇ ಮಾತಾಡಿಸುವವರು. ‘ಚೂ’ ಎಂದರೆ ಚಿಕ್ಕಪ್ಪ.

ಹೊತ್ತವರೂ ಇಸಕೊಂಡವರೂ ಆಮೇಲೆ ಪುಟ್ಟ ಕೆಂಪು ಲಕೋಟೆ ಬದಲಾಯಿಸಿಕೊಳ್ಳುತ್ತಾರೆ, ತಮ್ಮ ತಮ್ಮ ಕಂಕಣಭಾಗ್ಯ ತಮಗೇ ವಾಪಸು ಬರಲೆಂದು. ತಾವು ಅದನ್ನು ಹಿಡಿದು ನಿಂತ ಚಿತ್ರ ಕೈತಪ್ಪಿ ಫ್ಯಾಮಿಲಿ ಗುಂಪಿಗೆ ಹೋಯಿತಲ್ಲ, ಆ ಭಾಗ್ಯ ವಾಪಸು ಬಂತೇ ಇಲ್ಲವೇ ಎಂಬುದನ್ನು ಅತ್ತಿಗೆಯವರೇ ಹೇಳಬೇಕು.

ನನ್ನ ಹರಿವಾಣದಲ್ಲಿ ಇದ್ದದ್ದು ಇಡೀ ಹಸಿ ಅಡಿಕೆ ಕೊನೆ ಮತ್ತು ವೀಳ್ಯದೆಲೆ. ತೀರ್ಥಹಳ್ಳಿ ಕಡೆಯ ತೋಟದವನಿಗೆ ಹನೋಯಿಯ ಓಣಿಯಲ್ಲಿ ಅಡಿಕೆ ಹೊರುವ ಯೋಗ! ಒಳಗೆ ಪೂರ್ವಜರ ಪೀಠದ ಪಕ್ಕ ಮದುಮಗಳ ಅಜ್ಜಿ ಕೂತಿದ್ದರು. ಎಲೆಯ ಬೆನ್ನಿಗೆ ಸುಣ್ಣ ಸವರಿದರು, ಅಂಚನ್ನು ಕತ್ತರಿಸಿ ಹಕ್ಕಿಯ ರೆಕ್ಕೆಯಂತೆ ಮಡಚಿದರು, ಹಸಿರು ಅಡಿಕೆಯ ಹೋಳಿನೊಡನೆ ನನ್ನ ಅಂಗೈಗಿಟ್ಟರು. ಅಣ್ಣ ಅಡಿಕೆ ಮರವಾದ, ತಮ್ಮ ಸುಣ್ಣದ ಕಲ್ಲಾದ, ಅಣ್ಣನ ಹೆಂಡತಿ ಬಳ್ಳಿಯಾಗಿ ಮರವನ್ನು ತಬ್ಬಿದಳು ಎಂಬ ಕಥೆಯನ್ನು ಮದುಮಗಳೇ ನನಗೆ ಹೇಳಿದಳು. ನನ್ನ ಬಾಯಿ ಕೆಂಪಾಗುತ್ತಿತ್ತು. ತಾವು ಬಾಗಿಲಲ್ಲಿ ನಿಂತು ಕೂಗಿದಿರಿ: ‘ಇಷ್ಟು ದೂರ ಬಂದು ಎಲೆಯಡಿಕೆ ತಿಂತೀಯೇನೋ? ಬ್ಯಾಗ್ ಅಂಗಡಿ ಮುಚ್ಚುತ್ತೆ!’

ಕೊನೆಯದಾಗಿ ಮುಯ್ಯಿ. ಮಂಟಪದ ಬಾಗಿಲಲ್ಲಿ ಪೆಟ್ಟಿಗೆ ಇಟ್ಟಿರುತ್ತಾರೆ. ಲಕೋಟೆಯ ಮೇಲೆ ಹೆಸರು ಬರೆದು ಹಾಕಬೇಕು. ಮನೆಯವರು ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಮುಂದೆ ತೀರಿಸುತ್ತಾರೆ, ಥೇಟ್ ನಮ್ಮೂರೇ. ಪಕ್ಕದ ಮೇಜಿನವರು ತಲೆಗೊಂದು ಲಕೋಟೆ ಹಾಕಿದರು. ತಾವು ಐವರ ಹೆಸರು ಬರೆದು ಒಂದೇ ಲಕೋಟೆ ಹಾಕಿ, ‘ಐದು ಲಕ್ಷ ಮುಯ್ಯಿ ಮಾಡಿದ್ವಿ’ ಎಂದು ಬೆಂಗಳೂರಿಗೆಲ್ಲ ಸಾರಿದಿರಿ. 5,00,000 ಡಾಂಗ್ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 1,700 ರೂಪಾಯಿ. ಹೋಗಲಿ ಬಿಡಿ.

ಆದರೆ ಹೋಗಲಿಲ್ಲವಲ್ಲ. 5,00,000ದ ನೋಟೂ ನೀಲಿ, 20,000ದ ನೋಟೂ ನೀಲಿ, ಎರಡರಲ್ಲೂ ಅದೇ ಹೋ ಚಿ ಮಿನ್. ವಿಮಾನ ನಿಲ್ದಾಣದಲ್ಲಿ ಖಜಾಂಚಿ ಲೆಕ್ಕ ಹಾಕಿದಾಗ ದೊಡ್ಡ ನೋಟು ತಮ್ಮ ಪಾಕೀಟಿನಲ್ಲೇ ನಗುತ್ತಿತ್ತು. ಐವರು ಗಣ್ಯರ ಹೆಸರಿನಲ್ಲಿ ನಾವು ಮಾಡಿದ ಮುಯ್ಯಿ ಎಪ್ಪತ್ತು ರೂಪಾಯಿಗೆ ಎರಡು ಮೂರು ರೂಪಾಯಿ ಕಡಿಮೆ.

ನಿನ್ನೆ ಮದುಮಗ ಫೋನ್ ಮಾಡಿದ್ದ ಕಣೋ. ಲಕೋಟೆ ಬಿಚ್ಚಿದ ಅತ್ತೆ ದಂಗಾಗಿ, ‘ಇದು ನಿಮ್ಮ ಕಡೆಯ ಶಾಸ್ತ್ರವಾ?’ ಎಂದು ಕೇಳಿದರಂತೆ. ಪಾಪ, ನಮ್ಮ ಮಾನ ಉಳಿಸಲು ಅವನು ‘ಹೌದು, ನೀಲಿ ನೋಟು ಕೊಟ್ಟರೆ ಬಹಳ ಶುಭ’ ಎಂದುಬಿಟ್ಟಿದ್ದಾನೆ. ನಿನ್ನ ಇಪ್ಪತ್ತು ಸಾವಿರ ಈಗ ಅವರ ಪೂರ್ವಜರ ಪೀಠದ ಮೇಲೆ ಊದುಬತ್ತಿಯ ಹೊಗೆ ಕುಡಿಯುತ್ತಿದೆ. ಬೆಂಗಳೂರಿನ ರಿಸೆಪ್ಷನ್‌ಗೆ ಅವರ ಕಡೆಯ ಮೂವತ್ತು ಜನ ಬರುತ್ತಿದ್ದಾರೆ, ನಮ್ಮ ಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುತ್ತಾರಂತೆ. ನಮ್ಮ ಐವತ್ತು ರೂಪಾಯಿ ನೋಟೂ ನೀಲಿಯೇ ಎಂದು ಅವರಿಗೆ ಹೇಳಿಕೊಟ್ಟವರು ಯಾರು ಎಂದು ಮಾತ್ರ ಕೇಳಬೇಡ.

ಇಂತಿ,
ಎರಡು ಎಳನೀರು ಕುಡಿದವ