ಎರಡೂ ತೊಡೆ ಕೊಂಡುಹೋದ ಸ್ವಾಮಿಗೆ

ಭಾನುವಾರ ಬೆಳಗ್ಗೆ ಬಿಡದಿಯ ಮಟನ್ ಅಂಗಡಿ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಮಹನೀಯರ ಸನ್ನಿಧಾನಕ್ಕೆ,

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದ ಮೇಡಂ ಮಾಡುವ ನಮಸ್ಕಾರಗಳು. ತಮ್ಮ ಹೆಸರು ತಿಳಿಯದು. ಬೆನ್ನು ಮಾತ್ರ ಚೆನ್ನಾಗಿ ಗೊತ್ತು, ಬೆಳಗ್ಗೆಯೆಲ್ಲ ಅದನ್ನೇ ನೋಡಿಕೊಂಡು ನಿಂತಿದ್ದೆ. ವಿಳಾಸವೂ ಇಲ್ಲದ್ದರಿಂದ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಊರಿಗೆ ಬಂದವರು ನೀರಿಗೆ ಬರದೆ ಇರುತ್ತಾರೆಯೇ? ಯಾರಾದರೂ ತಮಗೆ ಓದಿ ಹೇಳಿಯಾರು.

ತಮ್ಮ ಸರದಿ ಬಂತು. ಕಿವಿಯಿಂದ ಇಯರ್‌ಫೋನ್ ತೆಗೆದು "ತೊಡೆ ಎಷ್ಟಿದೆ?" ಅಂದಿರಿ. ಅಂಗಡಿಯವನು ನೇತುಹಾಕಿದ್ದ ಎರಡನ್ನು ತೋರಿಸಿದ. "ಎರಡೂ ಹಾಕಪ್ಪ. ಮೂಳೆ ಬಿಡಿಸಿ, ಎರಡು ಬೆರಳು ದಪ್ಪಕ್ಕೆ ಪೀಸ್ ಮಾಡು. ಸ್ಟೀಕ್‌ಗೆ. ತಿಂಗಳ ಸ್ಟಾಕು." ಸಾಲಿನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಚ್ಚು ನಿಧಾನವಾಗಿ ಆಡಿತು. ತಾವು ಮಧ್ಯೆ ಮಧ್ಯೆ ಫೋಟೋ ತೆಗೆದಿರಿ. ನನ್ನ ಸರದಿ ಬರುವ ಹೊತ್ತಿಗೆ ಉಳಿದದ್ದು ಕತ್ತು, ಪಕ್ಕೆ ಮತ್ತು ಅಂಗಡಿಯವನ ಪೆಚ್ಚು ನಗು. ಮನೆಗೆ ಮೊಮ್ಮಗ ಬರುವವನಿದ್ದ, ಕೈಮಾ ಉಂಡೆ ಸಾರು ಬೇಕೆಂದಿದ್ದ. ತೊಡೆಯಿಲ್ಲದೆ ಕೈಮಾ ಎಲ್ಲಿಂದ ತರಲಿ? ಕತ್ತನ್ನು ಕೈಮಾ ಮಾಡಿದರೆ ಉಂಡೆಯಲ್ಲಿ ಮೂಳೆ ಚೂರು ಹುಡುಕಬೇಕಾಗುತ್ತದೆ.

ಇಷ್ಟಕ್ಕೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ, ಶಾಪ ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ತಾವು ಬುಧವಾರ ಅದೇ ಅಂಗಡಿಗೆ ಬಂದು ಜಗಳ ತೆಗೆದಿರಂತೆ. "ಮುದಿ ಕುರಿ ಕೊಟ್ಟಿದ್ದೀಯ, ಟೈರ್ ಅಗಿದ ಹಾಗಿತ್ತು, ದುಡ್ಡು ವಾಪಸ್ ಕೊಡು" ಅಂದಿರಂತೆ. ಸ್ವಾಮಿ, ಆ ಕುರಿಗೆ ಈಗ ಬಾಯಿಲ್ಲ. ಅದರ ಪರವಾಗಿ ನಾನು ವಕಾಲತ್ತು ವಹಿಸಿದ್ದೇನೆ ಎಂದುಕೊಳ್ಳಿ. ಸಾಕ್ಷಿಯೂ ಇದೆ. ತಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ನಮ್ಮ ಬೀದಿಯವಳೇ. ಎಕ್ಸ್‌ಪ್ರೆಸ್‌ವೇ ಬಂದು ಬೈಪಾಸ್ ಆದರೂ ಬಿಡದಿ ಇನ್ನೂ ಗುಟ್ಟು ಉಳಿಯುವಷ್ಟು ದೊಡ್ಡ ಊರಾಗಿಲ್ಲ.

ಸಾಕ್ಷಿ ಹೇಳಿದ್ದು: ಎರಡು ತೊಡೆಯ ಹೋಳುಗಳನ್ನೂ ತಾವು ಮನೆಗೆ ಬಂದವರೇ ನಲ್ಲಿಯ ಕೆಳಗೆ ಚೆನ್ನಾಗಿ ತೊಳೆದು, ನೀರು ಸೋರುತ್ತಿದ್ದಂತೆಯೇ ಒಂದೇ ಕಪ್ಪು ಕವರಿಗೆ ತುಂಬಿ, ಗಂಟು ಹಾಕಿ, ಐಸ್‌ಕ್ರೀಂ ಡಬ್ಬ ಮತ್ತು ಬಟಾಣಿ ಪ್ಯಾಕೆಟ್‌ಗಳ ನಡುವೆ ಫ್ರೀಜರ್‌ಗೆ ತುರುಕಿದಿರಿ. ತಿಂಗಳ ಸ್ಟಾಕು.

ಇಲ್ಲಿ ಸ್ವಲ್ಪ ಪಾಠ ಮಾಡಬೇಕಾಗುತ್ತದೆ, ಹಳೆಯ ಚಾಳಿ, ಕ್ಷಮೆಯಿರಲಿ. ಕುರಿ ಸತ್ತ ಕೂಡಲೇ ಅದರ ಮಾಂಸ ಸಾಯುವುದಿಲ್ಲ. ಸ್ನಾಯುವಿನಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಕೆಲವು ಗಂಟೆಗಳಲ್ಲಿ ಅದು ಖರ್ಚಾಗಿ ಸ್ನಾಯು ಸೆಟೆದುಕೊಳ್ಳುತ್ತದೆ, ಆಮೇಲೆ ಒಂದೆರಡು ದಿನದಲ್ಲಿ ತನ್ನೊಳಗಿನ ಕಿಣ್ವಗಳಿಂದಲೇ ಮೆಲ್ಲಗೆ ಸಡಿಲಗೊಳ್ಳುತ್ತದೆ. ನಮ್ಮ ಅಂಗಡಿಯಲ್ಲಿ ಬೆಳಗಿನ ಜಾವ ಕಡಿದದ್ದು ತಮ್ಮ ಕೈಸೇರಿದಾಗ ಇನ್ನೂ ಬೆಚ್ಚಗಿತ್ತು. ಹಾಗಿರುವ ಮಾಂಸವನ್ನು ದಬಕ್ಕನೆ 10 ಡಿಗ್ರಿಗಿಂತ ಕೆಳಗಿನ ಚಳಿಗೆ ಒಡ್ಡಿದರೆ ಅದು ಉಳಿದ ಶಕ್ತಿಯನ್ನೆಲ್ಲ ಹಾಕಿ ಮುದುರಿಕೊಳ್ಳುತ್ತದೆ. ಹೀಗೆ ಮುದುರಿದ್ದು ಬೇಯಿಸಿದರೂ ಮೆತ್ತಗಾಗಲು ಬಲು ಹಟ ಮಾಡುತ್ತದೆ. ನ್ಯೂಜಿಲೆಂಡಿನಲ್ಲಿ ಲಾಕರ್ ಮತ್ತು ಹ್ಯಾಗ್ಯಾರ್ಡ್ ಎಂಬಿಬ್ಬರು 1963ರಲ್ಲೇ ಇದನ್ನು ತೋರಿಸಿಕೊಟ್ಟರು. ಸೆಟೆದುಕೊಳ್ಳುವ ಮೊದಲೇ ಹೆಪ್ಪುಗಟ್ಟಿಸಿಬಿಟ್ಟರೆ ಇನ್ನೂ ಫಜೀತಿ. ಆಗ ಬಾಕಿ ಉಳಿದ ಮುದುರಾಟವೆಲ್ಲ ಕರಗಿಸುವಾಗ ನಡೆಯುತ್ತದೆ, ರಸವೆಲ್ಲ ಹೊರಗೆ ಹರಿಯುತ್ತದೆ. ಮೂಳೆಗೆ ಅಂಟಿಕೊಂಡಿದ್ದರೆ ಮಾಂಸ ಅಷ್ಟು ಸುಲಭಕ್ಕೆ ಕುಗ್ಗಲಾರದು, ಮೂಳೆ ಹಿಡಿದುಕೊಂಡಿರುತ್ತದೆ. ತಾವು ಮೂಳೆಯನ್ನೂ ಬಿಡಿಸಿದಿರಿ. ಎಳೇ ಕುರಿಯನ್ನು ಒಂದೇ ಬೆಳಗ್ಗೆಯಲ್ಲಿ ಮುದಿ ಮಾಡಿದವರು ತಾವು, ಬೈಸಿಕೊಂಡವನು ಅಂಗಡಿಯವನು.

ಅದೇ ನ್ಯೂಜಿಲೆಂಡಿನಿಂದ 1882ರ ಫೆಬ್ರವರಿಯಲ್ಲಿ ಡನೀಡಿನ್ ಎಂಬ ಹಾಯಿಹಡಗು ಸುಮಾರು 5,000 ಕುರಿಗಳನ್ನು ಹೆಪ್ಪುಗಟ್ಟಿಸಿಕೊಂಡು ಲಂಡನ್ನಿಗೆ ಹೊರಟಿತು. ಮೂರು ತಿಂಗಳ ಪಯಣ. ಸ್ಟಾಕು ಅಂದರೆ ಅದು ಸ್ವಾಮಿ! ಸಮಭಾಜಕದ ಸೆಕೆಯಲ್ಲಿ ತಣ್ಣನೆ ಗಾಳಿ ಸರಿಯಾಗಿ ಆಡುತ್ತಿಲ್ಲವೆಂದು ಕ್ಯಾಪ್ಟನ್ ತಾನೇ ಗಾಳಿಯ ಕೊಳವೆಯೊಳಗೆ ತೆವಳಿ ತೂತು ಕೊರೆಯಹೋಗಿ ಮರಗಟ್ಟಿಹೋದ, ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆದರು. ಲಂಡನ್ ತಲುಪಿದಾಗ ಹಾಳಾಗಿದೆಯೆಂದು ಎಸೆದದ್ದು ಒಂದೇ ಒಂದು. ತಮ್ಮ ಫ್ರೀಜರ್‌ನಲ್ಲಿ ಗಾಳಿಯಾಡಲು ಬೆರಳು ತೂರುವಷ್ಟೂ ಜಾಗವಿರಲಿಲ್ಲ ಎಂದು ಸಾಕ್ಷಿಯ ಹೇಳಿಕೆ. ಅಂಥಲ್ಲಿ ಅಷ್ಟು ದೊಡ್ಡ ಬೆಚ್ಚನೆ ಗಂಟು ಹೊರಗೆ ಬೇಗ ಗಟ್ಟಿಯಾದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಹೊರಗಿನದು ಮುದುರಿತು, ಒಳಗಿನದು ವಾಸನೆಗೆ ಕೂತಿತು. ಎರಡೂ ನಷ್ಟವನ್ನು ಒಂದೇ ಕವರಿನಲ್ಲಿ ಸಾಧಿಸಿದ ತಮ್ಮನ್ನು ಮೆಚ್ಚಬೇಕು. ಇನ್ನು ನಿಧಾನಕ್ಕೆ ಹೆಪ್ಪುಗಟ್ಟುವಾಗ ದೊಡ್ಡ ದೊಡ್ಡ ಮಂಜಿನ ಹರಳುಗಳಾಗಿ ಮಾಂಸದ ಎಳೆಗಳನ್ನು ಹರಿಯುತ್ತವೆ. ತಮ್ಮ ಸಿಂಕಿನಲ್ಲಿ ಹರಿದ ಕೆಂಪು ನೀರಿನ ಕಥೆ ಅದು. "ಹಳೇ ರಕ್ತ" ಎಂದು ಅಂಗಡಿಯವನ ಮೇಲೆ ಹೇಳಿದಿರಂತೆ, ಅದು ರಕ್ತವಲ್ಲ.

ಆ ನ್ಯೂಜಿಲೆಂಡಿನವರೇ ಮುಂದೆ ಕಡಿದ ಕುರಿಗೆ ಕರೆಂಟು ಹಾಯಿಸಿ ಸ್ನಾಯುವಿನ ಶಕ್ತಿಯನ್ನು ಬೇಗ ಖರ್ಚು ಮಾಡಿಸುವ ಉಪಾಯವನ್ನು ಬಳಕೆಗೆ ತಂದರು. ನಮ್ಮಲ್ಲಿ ಫ್ರೀಜರ್‌ಗೇ ಕರೆಂಟಿರುವುದಿಲ್ಲ, ಕುರಿಗೆಲ್ಲಿಂದ ಕೊಡುವುದು.

ಶೇಖರಿಸಲೇಬೇಕೆಂಬ ಹಟವಿದ್ದರೆ ಕೇಳಿ. ಮೂಳೆ ಸಮೇತ, ಇಡೀ ತುಂಡಾಗಿ, ತೊಳೆಯದೆ ಮುಚ್ಚಳದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಒಂದು ದಿನ ಬಿಡಿ. ಅಲ್ಲಿ 4 ಡಿಗ್ರಿ ಇದ್ದರೆ ಸಾಕು, ಇಡೀ ತುಂಡು ದಬಕ್ಕನೆ ತಣಿಯುವುದಿಲ್ಲ, ಮೂಳೆಯೂ ಹಿಡಿದುಕೊಂಡಿರುತ್ತದೆ. ಮಾರನೆಯ ದಿನ ಹೋಳು ಮಾಡಿ, ಒಂದೊಂದು ಹೊತ್ತಿಗಾಗುವಷ್ಟು ಚಪ್ಪಟೆ ಪೊಟ್ಟಣ ಕಟ್ಟಿ, ಗಾಳಿ ಹಿಂಡಿ, ಆಮೇಲೆ ಮೈನಸ್ 18ಕ್ಕೆ ಕಳಿಸಿ. ಕೊರಡಿನ ಮೇಲಿನ ಮೂಳೆಪುಡಿ ತೊಳೆಯಬೇಕು, ನಿಜ. ಅದನ್ನು ಒಲೆಗೆ ಹಾಕುವ ಮೊದಲು ತೊಳೆದರಾಯಿತು.

ಮಂಗಳವಾರ ರಾತ್ರಿಯ ಅಪರಾಧಗಳನ್ನು ಬೇಗ ಮುಗಿಸುತ್ತೇನೆ. ಕಲ್ಲಾಗಿದ್ದ ಗಂಟನ್ನು ಬಿಸಿನೀರಿನಲ್ಲಿ ಮುಳುಗಿಸಿದಿರಿ, ಮೇಲ್ಭಾಗ ಅರೆಬೆಂದಿತು, ಒಳಗೆ ಐಸು. ಬಿಟ್ಟುಕೊಂಡ ಅರ್ಧವನ್ನು ತೆಗೆದುಕೊಂಡು ಉಳಿದರ್ಧವನ್ನು ಮತ್ತೆ ಫ್ರೀಜರ್‌ಗೆ ಎಸೆದಿರಿ. 5ರಿಂದ 60 ಡಿಗ್ರಿಯ ನಡುವೆ ಕ್ರಿಮಿಗಳಿಗೆ ಹಬ್ಬ. ಚಪ್ಪಟೆ ಪೊಟ್ಟಣವಾಗಿದ್ದು, ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟಿದ್ದರೆ ಬೆಳಗ್ಗೆಗೆ ತಾನಾಗಿ ಕರಗುತ್ತಿತ್ತು. ನೀರು ಒತ್ತಿ ತೆಗೆಯದೆ ಹಸಿ ಹಸಿಯಾಗಿಯೇ ನಾನ್‌ಸ್ಟಿಕ್ ಬಾಣಲೆಗೆ ನಾಲ್ಕು ಹೋಳು ಒಟ್ಟಿಗೆ ಹಾಕಿದಿರಿ. ಮಾಂಸದ ಮೈ ಕೆಂಪಗಾಗಲು 140 ಡಿಗ್ರಿ ದಾಟಬೇಕು, ನೀರಿರುವ ತನಕ 100 ದಾಟುವುದಿಲ್ಲ. ಹಾಗಾಗಿ ತಾವು ಹುರಿಯಲಿಲ್ಲ, ಬೇಯಿಸಿದಿರಿ, ಅದೂ ಬೇಯದ ಹಾಗೆ. ದೋಸೆ ಹುಯ್ಯುವ ಕಬ್ಬಿಣದ ಕಾವಲಿ ಗೋಡೆಗೆ ನೇತಾಡುತ್ತಿತ್ತಂತೆ. "ಮೊದಲು ಜೋರು ಬೆಂಕಿ ಕೊಟ್ಟರೆ ರಸ ಒಳಗೇ ಲಾಕ್ ಆಗುತ್ತೆ" ಎಂದು ಮಗಳಿಗೆ ವಿವರಿಸಿದಿರಂತೆ. ಆ ಮಾತನ್ನು ಲೋಕಕ್ಕೆ ಹಬ್ಬಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್, 1847ರಲ್ಲಿ. ಆಮೇಲೆ ತೂಗಿ ನೋಡಿದವರೆಲ್ಲ ಸುಳ್ಳೆಂದು ಹೇಳಿದ್ದಾರೆ. ಜೋರು ಬೆಂಕಿ ರುಚಿಗೆ ಒಳ್ಳೆಯದು, ಬೀಗ ಹಾಕುವುದಕ್ಕಲ್ಲ. ಕೊನೆಗೆ ತಟ್ಟೆಗೆ ಹಾಕಿದ ಕೂಡಲೇ, ಐದು ನಿಮಿಷವೂ ಬಿಡದೆ, ಎಳೆಯುದ್ದಕ್ಕೆ ಕೊಯ್ದಿರಿ. ಎಳೆಗೆ ಅಡ್ಡ ಕೊಯ್ದಿದ್ದರೆ ಆ ಮುದುರಿದ ಪಾಪದ ಹೋಳನ್ನೂ ಹೇಗೋ ನುಂಗಬಹುದಿತ್ತು.

ಮೊಬೈಲಿನಲ್ಲಿ ತಾವು ನೋಡಿದ ಸ್ಟೀಕು ದನದ್ದು. ವಾರಗಟ್ಟಲೆ ಸೊನ್ನೆಯ ಆಸುಪಾಸಿನ ಚಳಿಯಲ್ಲಿ ನೇತುಹಾಕಿ ಹಣ್ಣು ಮಾಡಿದ್ದು. ಕರ್ನಾಟಕದಲ್ಲಿ 2020ರ ಗೋಹತ್ಯೆ ತಡೆ ಕಾಯ್ದೆಯ ನಂತರ ಅದರ ಮಾತೇ ಬೇರೆ, ನಾನು ಅದಕ್ಕೆ ಕೈಹಾಕುವುದಿಲ್ಲ. ನಮ್ಮ ಕುರಿಗೆ ನಮ್ಮ ದಾರಿ ಇದೆ. ಬೆಳಗ್ಗೆ ಕಡಿ, ಆಗಲೇ ತಾ, ಆಗಲೇ ಬೇಯಿಸು, ಮಧ್ಯಾಹ್ನಕ್ಕೆ ಮುದ್ದೆ ಜೊತೆ ಮುಗಿಸು. ಕುಕ್ಕರಿನ 120 ಡಿಗ್ರಿಯಲ್ಲಿ ನಾರೆಲ್ಲ ಕರಗಿ ಸಾರಿಗೆ ಇಳಿಯುತ್ತದೆ. ಸ್ಟಾಕಿನ ಮಾತೇ ಇಲ್ಲ. ಅಷ್ಟೇಕೆ, ಇದೇ ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೋಟಾ ಕಂಪನಿಯ ಜಗತ್ಪ್ರಸಿದ್ಧ ಸೂತ್ರವೇ ಅದು: ಬೇಕಾದದ್ದು, ಬೇಕಾದಾಗ, ಬೇಕಾದಷ್ಟು. ಗೋದಾಮಿನಲ್ಲಿ ಕೂತ ಸ್ಟಾಕೆಲ್ಲ ದಂಡ ಎಂದವನು ಆ ಕಂಪನಿಯ ತೈಚಿ ಓನೋ. ಅವನ ಸೂತ್ರ ಅವನ ಕಾರ್ಖಾನೆಯ ಬಾಗಿಲಲ್ಲೇ ಸೋಲುವಂತೆ ಮಾಡಿದಿರಿ ತಾವು. ಕಾರಿನ ಬಿಡಿಭಾಗಕ್ಕೆ ಇರುವ ಮರ್ಯಾದೆ ಕುರಿಯ ತೊಡೆಗೆ ಬೇಡವೇ?

ತೊಡೆ. ಮತ್ತೆ ಅಲ್ಲಿಗೇ ಬಂದೆ. ಫ್ರೀಜರ್, ಬಾಣಲೆ, ಲೀಬಿಗ್ ಎಲ್ಲ ನೆಪ. ಎರಡೂ ತೊಡೆ ಯಾಕೆ ತಗೊಂಡಿರಿ?

ಹೊಸತೊಡಕಿನ ದಿನ ನಮ್ಮ ಕಡೆಯ ಹಳ್ಳಿಗಳಲ್ಲಿ ಗುಡ್ಡೆ ಬಾಡು ಹಾಕುವುದನ್ನು ತಾವು ನೋಡಿರಲಾರಿರಿ. ಹತ್ತಿಪ್ಪತ್ತು ಮನೆಯವರು ಸೇರಿ ಕುರಿ ಕೊಂಡು, ಕಡಿದು, ನೆಲದ ಮೇಲೆ ಎಲೆ ಹಾಸಿ ಸಮಸಮ ಗುಡ್ಡೆ ಮಾಡುತ್ತಾರೆ. ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಪಕ್ಕೆ, ಒಂದು ಚೂರು ಲಿವರ್, ಒಂದು ಎಳೆ ಬೋಟಿ, ಒಂದು ತುಣುಕು ಕೊಬ್ಬು. ಕಣ್ಣಳತೆಯಲ್ಲೇ ಹಾಕುವ ಆ ಯಜಮಾನರ ಕೈ ತಕ್ಕಡಿಗಿಂತ ಖಚಿತ. ಗುಡ್ಡೆ ಆರಿಸುವ ಹಾಗಿಲ್ಲ. ಊರ ಗೌಡನಿಗೂ ಪಕ್ಕೆ ಬರುತ್ತದೆ, ಗಂಡನಿಲ್ಲದ ಮುದುಕಿಗೂ ತೊಡೆ ಬರುತ್ತದೆ. ಒಂದು ಕುರಿಗೆ ಹಿಂದಿನ ತೊಡೆ ಎರಡೇ ಎಂಬುದು ಅವರಿಗೆ ಗೊತ್ತು. ಓದಿದವರಿಗೆ ಯಾಕೆ ಗೊತ್ತಿಲ್ಲ?

ದುಡ್ಡು ನಿಂದು, ಸರದಿ ನಿಂದು, ಸರಿ ಕಣಯ್ಯಾ. ಕಾನೂನು ಪ್ರಕಾರ ತಪ್ಪಿಲ್ಲ. ತಿನ್ನುವುದಕ್ಕೆ ಒಯ್ದಿದ್ದರೆ ನನ್ನ ತಕರಾರೂ ಇರುತ್ತಿರಲಿಲ್ಲ. ಮನೆ ತುಂಬ ನೆಂಟರು, ಮಗಳಿಗೆ ಸೀಮಂತ, ಅಂತೇನಾದರೂ ಇದ್ದಿದ್ದರೆ ನಾನೇ "ತಗೊಳ್ಳಪ್ಪ" ಅನ್ನುತ್ತಿದ್ದೆ. ನೀನು ಒಯ್ದದ್ದು ಇಡುವುದಕ್ಕೆ. ಇಟ್ಟು ಕೆಡಿಸುವುದಕ್ಕೆ. ನಾಲ್ಕು ಹೋಳು ಅಗಿದು ಉಗಿದೆ. ಉಳಿದದ್ದನ್ನು ಬುಧವಾರ ಬೆಳಗ್ಗೆ ಕೆಲಸದಾಕೆಯ ಕೈಗೆ ಕೊಟ್ಟು "ನಾಯಿಗೆ ಹಾಕಿಬಿಡಿ" ಅಂದೆಯಂತೆ. ನಮ್ಮ ಬೀದಿಯ ನಾಯಿಗಳು ಗುರುವಾರವಿಡೀ ಮೈಮುದುರಿ ಮಲಗಿದ್ದವು. ನನ್ನ ಮೊಮ್ಮಗ ಪಕ್ಕೆ ಸಾರು ಉಂಡು "ಅಜ್ಜಿ, ಉಂಡೆ ಎಲ್ಲಿ?" ಅಂದ. ಅವನಿಗೇನು ಹೇಳಲಿ? ಉಂಡೆ ನಾಯಿಗೆ ಹೋಯ್ತು ಅಂತಲೇ?

ಕೋಪ ಬಂದು ಏಕವಚನಕ್ಕೆ ಇಳಿದೆ. ವಾಪಸ್ ತಗೊಳ್ಳುವುದಿಲ್ಲ.

ಬರುವ ಭಾನುವಾರವೂ ತಾವು ಬಂದೇ ಬರುತ್ತೀರಿ, ಅಂಗಡಿಯವನ ಜೊತೆ ಆಡಿದ ಜಗಳ ಅಷ್ಟರಲ್ಲಿ ಮರೆತಿರುತ್ತೀರಿ. ಬನ್ನಿ. ಅರ್ಧ ತೊಡೆ ತಗೊಳ್ಳಿ, ಅಂದೇ ತಿನ್ನಿ. ಅದಾಗದು, ತಿಂಗಳ ಸ್ಟಾಕೇ ಬೇಕು ಅಂದರೆ ನಾನು ಅಂಗಡಿಯವನಿಗೆ ಹೇಳಿಟ್ಟಿದ್ದೇನೆ, ಅವನೂ ಒಪ್ಪಿದ್ದಾನೆ: ಎರಡು ತೊಡೆ ಕೇಳಿದವರಿಗೆ ಇನ್ನುಮೇಲೆ ಇಡೀ ಕುರಿ. ಕತ್ತು, ಪಕ್ಕೆ, ಬೋಟಿ, ತಲೆಕಾಲು ಸಮೇತ ತಾವೇ ಒಯ್ಯಬೇಕು. ಬೋಟಿಯನ್ನು ಬಿಸಿನೀರಿನಲ್ಲಿ ಅದ್ದಿ ಉಜ್ಜಿ ತೊಳೆಯುವುದನ್ನು ಯಾವ ವಿಡಿಯೋದಲ್ಲಿ ತೋರಿಸಿದ್ದಾರೋ ಈಗಿನಿಂದಲೇ ಹುಡುಕಿಟ್ಟುಕೊಳ್ಳಿ. ತಲೆಕಾಲು ಸುಟ್ಟುಕೊಡುವುದಕ್ಕೆ ದುಡ್ಡು ಬೇರೆ.

ಇಂತಿ,
ತಮ್ಮ ಹಿಂದೆ ನಿಂತಿದ್ದವಳು