ಅಪ್ಪನ ವಾಚು, ನನ್ನ ಹಾಜರಿ

ನಮ್ಮ ಮನೆಯಲ್ಲಿ ಸದ್ಯ ನಿಯತ್ತಾಗಿ ದುಡಿಯುತ್ತಿರುವುದು ಅಪ್ಪನ ಎಚ್‌ಎಂಟಿ ವಾಚು ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಅದಕ್ಕೆ ಕೀ ಕೊಟ್ಟು, ಮೇಜಿನ ಮೇಲೆ ಅಂಗಾತ ಮಲಗಿಸಿ, ಗಾಜಿನ ಮೇಲೆ ನನ್ನ ಮೌಸು ಇಟ್ಟುಬಿಡುತ್ತೇನೆ. ಒಳಗೆ ಸೆಕೆಂಡಿನ ಮುಳ್ಳು ಓಡುತ್ತದೆ. ಮೌಸಿನ ಹೊಟ್ಟೆಯಡಿಯ ಬೆಳಕಿನ ಕಣ್ಣಿಗೆ ತಾನೇ ಓಡುತ್ತಿದ್ದೇನೆಂಬ ಭ್ರಮೆ ಹುಟ್ಟುತ್ತದೆ. ಪರದೆಯ ಮೇಲೆ ಬಾಣ ಕೊಂಚ ಮಿಸುಕುತ್ತದೆ, ನನ್ನ ಹೆಸರಿನ ಪಕ್ಕದ ಚುಕ್ಕೆ ಹಸಿರಾಗಿಯೇ ಇರುತ್ತದೆ. ನಾನು ಧೈರ್ಯವಾಗಿ ಅಡುಗೆಮನೆಗೆ ಹೋಗಿ ಉಪ್ಪಿಟ್ಟು ತಿಂದು ಬರುತ್ತೇನೆ.

ಚುಕ್ಕೆಯ ಸಂಗತಿ ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಐದು ನಿಮಿಷ ಕೀಬೋರ್ಡು, ಮೌಸು ಮುಟ್ಟದಿದ್ದರೆ ಕಚೇರಿಯ ಚಾಟ್‌ನಲ್ಲಿ ನಮ್ಮ ಚುಕ್ಕೆ ಹಳದಿಯಾಗುತ್ತದೆ. ಹಳದಿಯೆಂದರೆ ಕಾಮಾಲೆ, ಮ್ಯಾನೇಜರ್ ನಾಡಿ ಹಿಡಿಯಲು ಬಂದೇ ಬರುತ್ತಾರೆ. ಗೊರಕೆ ಹೊಡೆಯುವವನೂ ಹಳದಿ, ಕಣ್ಣು ಮುಚ್ಚಿ ಕೋಡಿನ ಗಂಟು ಬಿಡಿಸುವವನೂ ಹಳದಿ. ಯೂಟ್ಯೂಬಿನಲ್ಲಿ ಬಿರಿಯಾನಿ ನೋಡುತ್ತಾ ಬೆರಳಾಡಿಸುವವನು ಮಾತ್ರ ಸದಾ ಹಸಿರು.

2024ರಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು, ಕೀಬೋರ್ಡಿನ ಚಟುವಟಿಕೆಯನ್ನು ನಕಲು ಮಾಡಿದರೆಂದು ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿತು. ನನ್ನ ವಾಚಿಗೆ ತಂತ್ರಾಂಶವಿಲ್ಲ, ಬ್ಯಾಟರಿಯಿಲ್ಲ, ಲ್ಯಾಪ್‌ಟಾಪಿಗೆ ಅದರಿಂದ ಒಂದು ತಂತಿಯೂ ಇಲ್ಲ. ಅಪ್ಪಟ ಸ್ವದೇಶಿ ಅನ್ನುವ ಹಾಗಿಲ್ಲ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಂಶ ಅದು.

ಅಪ್ಪ ಜಾಲಹಳ್ಳಿಯ ಆ ಕಾರ್ಖಾನೆಯಲ್ಲೇ ಸರ್ವೀಸು ಮುಗಿಸಿದವರು. ಬೆಳಿಗ್ಗೆ ಕಾರ್ಡು ಪಂಚ್ ಮಾಡಿ ಒಳಗೆ, ಸಂಜೆ ಸೈರನ್ ಕೂಗಿದರೆ ಹೊರಗೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು, ನೆನಪಿಟ್ಟುಕೊಳ್ಳಲೂ ಸಲೀಸು. ಗೆರೆ ದಾಟಿದರೆ ಓಟಿ, ಅದೂ ಎರಡು ಪಟ್ಟು ಸಂಬಳ. ನಮ್ಮ ಮನೆಯ ಮೊದಲ ಫ್ರಿಜ್ ಓಟಿ ದುಡ್ಡಿನದು. ಕಾರ್ಖಾನೆಯ ಗೇಟು ದಾಟಿದ ಮೇಲೆ ಅಪ್ಪನನ್ನು ಯಾವ ಫೋರ್‌ಮನ್ನೂ 'ಒಂದೇ ನಿಮಿಷ, ಫ್ರೀ ಇದ್ದೀರಾ?' ಎಂದು ಕೇಳಿದ್ದಿಲ್ಲ.

ನಮ್ಮ ಕಾಲದ ಗೆರೆಯನ್ನು ಹರಾಜಿಗಿಟ್ಟಿದ್ದಾರೆ. 2023ರ ಅಕ್ಟೋಬರಿನಲ್ಲಿ ನಾರಾಯಣಮೂರ್ತಿಯವರು 70 ಗಂಟೆ ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರು 90ಕ್ಕೆ ಕೂಗಿದರು. ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದೂ ವಿಚಾರಿಸಿಕೊಂಡರು. ವಾರಕ್ಕಿರುವುದೇ 168. ಒಂದು ಸಲ, ಎರಡು ಸಲ... ಇನ್ನೂ ಯಾರಾದರೂ ಕೂಗುವವರಿದ್ದಾರೆಯೇ?

ಈ ಎರಡೂ ಮಾತುಗಳ ವಿಡಿಯೊವನ್ನು ನಾನು ನೋಡಿದ್ದು ಕಚೇರಿಯ ವೇಳೆಯಲ್ಲೇ. ಆಮೇಲೆ ಟಿವಿ ಚರ್ಚೆ, ಮೀಮುಗಳು, ಲಿಂಕ್ಡ್‌ಇನ್‌ನಲ್ಲಿ ಬೆಳಗಿನ ನಾಲ್ಕಕ್ಕೆ ಏಳುವ ಸ್ಥಾಪಕರ ಆತ್ಮಕಥನ, ಸಹೋದ್ಯೋಗಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನದ ಜಗಳ. 70 ಗಂಟೆಯ ವಿರುದ್ಧ ಹೋರಾಡಲೆಂದೇ ಏಳೆಂಟು ಗಂಟೆ ದುಡಿದಿದ್ದೇನೆ. ಆ ಹೊತ್ತೆಲ್ಲ ಚುಕ್ಕೆ ಹಸಿರಾಗಿತ್ತು. ಬೇಕಾದರೆ ಅದನ್ನೂ 70ರಲ್ಲಿ ಸೇರಿಸಿಕೊಳ್ಳಲಿ.

ಇನ್ನು ಬೆಳಗಿನ ಸ್ಟ್ಯಾಂಡಪ್. ಹೆಸರಿಗೆ ನಿಂತು ಮಾಡುವ ಸಭೆ, ಎಲ್ಲರೂ ಕೂತಿರುತ್ತಾರೆ, ಕ್ಯಾಮೆರಾ ಆಫ್ ಮಾಡಿದವರು ಮಲಗಿರಲೂಬಹುದು. 2001ರಲ್ಲಿ ಅಮೆರಿಕದ ಯೂಟಾದ ಹಿಮದೂರಿಗೆ ಹೋಗಿದ್ದ 17 ಮಂದಿ, ಸ್ಕೀಯಿಂಗಿನ ನಡುವೆ ಬಿಡುವು ಮಾಡಿಕೊಂಡು 'ಅಜೈಲ್' ಪ್ರಣಾಳಿಕೆ ಬರೆದರಂತೆ. ಜಾರುವ ಜಾಗದಲ್ಲಿ ಬರೆದದ್ದಕ್ಕೋ ಏನೋ, ನಮ್ಮ ಡೆಡ್‌ಲೈನುಗಳು ಅಂದಿನಿಂದ ಜಾರುತ್ತಲೇ ಇವೆ. 'ನಿನ್ನೆ ಎರಡು ಟಿಕೆಟ್ ಕ್ಲೋಸ್ ಮಾಡಿದೆ, ಇವತ್ತು ಇನ್ನೆರಡು' ಎಂದು ನಾನು ಒಪ್ಪಿಸುವುದನ್ನು ಕೇಳಿ ಅಮ್ಮ ಒಮ್ಮೆ ಗಾಬರಿಯಾಗಿದ್ದಳು. 'ಇಷ್ಟು ಓದಿಸಿ ಕಂಡಕ್ಟರ್ ಮಾಡಿದ್ರೇನೋ ನಿನ್ನ? ಅವರಾದ್ರೆ ನೂರಾರು ಟಿಕೆಟ್ ಹರೀತಾರಲ್ಲೋ ದಿನಕ್ಕೆ!'

ಈ ಸಲದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನ 'ಲಭ್ಯತೆ'ಯನ್ನು ಹೊಗಳಿದರು. ಜಾಲಹಳ್ಳಿಯಲ್ಲಿ ತಯಾರಾದದ್ದು ಸಾರ್ ಎಂದು ಹೇಳಬೇಕೆನಿಸಿತು. ಸುಮ್ಮನಿದ್ದೆ.

ಕಳೆದ ಗುರುವಾರ ಕೀ ಕೊಡುವುದು ಮರೆತೆ. ಎರಡು ದಿನದಿಂದ ಕಾಡುತ್ತಿದ್ದ ದೋಷವೊಂದು ಆವತ್ತು ತಲೆಯೊಳಗೆ ಬಿಚ್ಚಿಕೊಳ್ಳತೊಡಗಿತ್ತು. ಲ್ಯಾಪ್‌ಟಾಪು ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತು, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪೆನ್ನಿನಿಂದ ಬಾಣ, ಡಬ್ಬಿ ಎಳೆಯುತ್ತಾ ಎರಡು ಗಂಟೆ ಮೈಮರೆತಿದ್ದೆ. ಇಡೀ ತಿಂಗಳಲ್ಲಿ ನಾನು ಮಾಡಿದ ಅಸಲಿ ಕೆಲಸವೆಂದರೆ ಅದೇ. ದೋಷ ಸಿಕ್ಕ ಖುಷಿಯಲ್ಲಿ ತಲೆಯೆತ್ತಿದರೆ ವಾಚು 3:40ಕ್ಕೆ ನಿಂತಿದೆ, ಚುಕ್ಕೆ ಹಳದಿ. ಮ್ಯಾನೇಜರ್ ಸಂದೇಶ ಮೂರು, ಮೂರನೆಯದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ.

ಕಾಫಿ ಹಿಡಿದು ಬಂದ ಅಪ್ಪ ಮೌಸಿನಡಿಯಿಂದ ತಮ್ಮ ವಾಚನ್ನು ಎತ್ತಿಕೊಂಡರು. ನಾನು ಎಲ್ಲ ವಿವರಿಸಿದೆ, ತುಸು ತಲೆ ತಗ್ಗಿಸಿಯೇ. ಬೈಯಲಿಲ್ಲ. ಪಂಚೆಯ ಅಂಚಿನಿಂದ ಗಾಜು ಒರೆಸಿ, ನಿಧಾನಕ್ಕೆ ಕೀ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಮತ್ತೆ ಮೌಸಿನಡಿಗೇ ಇಟ್ಟರು.

'ಇದಕ್ಕಾದ್ರೂ ಓಟಿ ಕೊಡ್ತಾರೇನೋ?'